ಹಾಲಿಲ್ಲದ ಚಹಾ

ಅಕ್ಕಿಆಲೂರಿನ ಪರಮೇಶಪ್ಪನ ಮನೆಯ ಮೇಲ್ಮಾಳಿಗೆಯಲ್ಲಿ ಬಾಡಿಗೆಗಿದ್ದ ಹಾಲೆಂಡ್ ದೇಶದ ತರುಣ ಹ್ಯೂಗೋ ಏನೇನು ಕುಡಿಯುತ್ತಾನೆ ಎಂಬುದು ಓಣಿಗೆಲ್ಲ ತೀರದ ಕುತೂಹಲವಾಗಿತ್ತು. ಅವನು ಗೋವಿನಜೋಳದ ಬೀಜದ ಕೆಲಸಕ್ಕೆ ಬಂದವನು. ಬೆಳಿಗ್ಗೆ ಬಿಸಿನೀರಿಗೆ ಲಿಂಬೆಹಣ್ಣು, ಮಧ್ಯಾಹ್ನ ಎಳನೀರು, ಸಂಜೆಗೆ ಉಪ್ಪು ಹಾಕಿದ ಸೋಡಾ.

"ಎಣ್ಣಿ ಗಿಣ್ಣಿ ಕುಡಿಯೂದಿಲ್ಲೇನವಾ ಇವ?" ಎಂದು ಪಕ್ಕದ ಮನೆಯ ಹೊನ್ನವ್ವ ಕಿಟಕಿಯಿಂದಲೇ ಅವನ ಗ್ಲಾಸಿಗೆ ಕಾವಲಿದ್ದಳು.

ಇವುಗಳ ನಡುವೆ ಪರಮೇಶಪ್ಪನ ಹೆಂಡತಿ ವೀರವ್ವ ಕೊಡುವ ಚಹಾ. ಚಮಚ ನಿಲ್ಲುವಷ್ಟು ಸಕ್ಕರೆ, ಕೆನೆ ಕಟ್ಟುವಷ್ಟು ಹಾಲು. ತಿಂಗಳುಗಟ್ಟಲೆ ಅದನ್ನು ಕಷಾಯದಂತೆ ಕಣ್ಣುಮುಚ್ಚಿ ನುಂಗಿದ ಹ್ಯೂಗೋ ಒಂದು ರವಿವಾರ ಧೈರ್ಯ ತಂದುಕೊಂಡು, "ಅವ್ವಾರ, ಹಾಲು ಬ್ಯಾಡ, ಸಕ್ಕರಿ ಬ್ಯಾಡ" ಎಂದ.

ವೀರವ್ವ ಬೆದರಿದಳು. ಆ ಓಣಿಯಲ್ಲಿ ಹಾಲಿಲ್ಲದ ಚಹಾ ಕಾಸುವುದು ಸಾವಾದ ಮನೆಗೆ ಮಾತ್ರ. ಅಂಥ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆರೆಯವರೇ ಕಾಸಿ ತರುತ್ತಾರೆ. ಕುಡಿಯುವವರಿಗೆ ಅದರ ಬಿಸಿ ತಿಳಿಯುತ್ತದೆಯೇ ಹೊರತು ರುಚಿ ತಿಳಿಯುವುದಿಲ್ಲ.

ಅದರ ಮೇಲೆ, ಅಂದೇ ಹತ್ತಿಮತ್ತೂರಿನಿಂದ ಕನ್ಯೆಯ ಕಡೆಯವರು ಮನೆ ನೋಡಲು ಬರುವವರಿದ್ದರು. ಮಗ ಸುದೀಪ ಓದಿದವನಾದರೂ ಒಕ್ಕಲುತನ ಹಿಡಿದಿದ್ದ. ಆ ಒಂದು ಕಾರಣಕ್ಕೆ ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು ಹೋದವರು ಹೋಗೇ ಬಿಟ್ಟಿದ್ದರು. ಇದೂ ತಪ್ಪಿದರೆ ಹುಡುಗನಿಗೆ ಮದುವೆಯೇ ಇಲ್ಲವೆಂದು ಪರಮೇಶಪ್ಪ ಕಂಗಾಲಾಗಿದ್ದ. ಆದರೂ ಕೇಳಿದವನಿಗೆ ಇಲ್ಲ ಎನ್ನಲಾರದೆ ವೀರವ್ವ ಶಿವನನ್ನು ನೆನೆದು ಕರಿ ಚಹಾ ಕಾಸಿಕೊಟ್ಟಳು.

ಹ್ಯೂಗೋ ಅದನ್ನು ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತ. ಹಿಂದಿನ ದಿನ ಹೊಲದಲ್ಲಿ ಗೋವಿನಜೋಳದ ಸೂಲಂಗಿಯ ಹೂಹುಡಿ ಮೂಗಿಗೇರಿ ಅವನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹೊನ್ನವ್ವ ಗ್ಲಾಸು ನೋಡಿದಳು, ಕಣ್ಣು ನೋಡಿದಳು.

"ಯಾಕೋ ಯಪ್ಪಾ, ಊರಿಂದ ಸುದ್ದಿ ಬಂತೇನು?"

ಕನ್ನಡದಲ್ಲಿ ಯಾರು ಏನು ಕೇಳಿದರೂ "ಹೌದ್ರಿ" ಎನ್ನುವುದು ಹ್ಯೂಗೋನ ರೂಢಿ.

"ಹೌದ್ರಿ."

"ಅಪ್ಪಾರೇನು?"

"ಹೌದ್ರಿ."

"ಭಾಳ ನರಳಿದರೇನು?"

"ಹೌದ್ರಿ, ಹೌದ್ರಿ."

ಪರಮೇಶಪ್ಪ ಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ಕಟ್ಟೆಯ ತುಂಬ ಹೆಂಗಸರು, ಬುಟ್ಟಿ ತುಂಬ ರೊಟ್ಟಿ, ಝುಣಕ. ಒಬ್ಬಾಕೆ ಹ್ಯೂಗೋನ ತಲೆ ನೇವರಿಸುತ್ತಿದ್ದಳು. ಇನ್ನೊಬ್ಬಾಕೆ ತಾನು ಕಂಡೇ ಇರದ ಅವನ ತಂದೆಯ ಗುಣಗಳನ್ನು ಹಾಡಿ ಅಳುತ್ತಿದ್ದಳು. ಯಾವುದೋ ಹಬ್ಬವಿರಬೇಕೆಂದು ಹ್ಯೂಗೋ ರೊಟ್ಟಿ ಮುರಿಯುತ್ತಿದ್ದ.

"ಅವರಪ್ಪ ತೀರಕೊಂಡಾರ್ರಿ" ಎಂದಳು ಹೊನ್ನವ್ವ. "ನಿಮ್ಮನ್ಯಾಗ ಶುಭಕಾರ್ಯ ಐತೆಂತ ನಿಮಗ ಹೇಳದ ನುಂಗಿಕೊಂಡಾನ. ಎಂಥಾ ದೊಡ್ಡ ಮನಸು!"

ಪರಮೇಶಪ್ಪ ಹ್ಯೂಗೋನ ಕಡೆ ತಿರುಗಿದ. ಅಷ್ಟರಲ್ಲಿ ಕನ್ಯೆಯ ತಂದೆಯ ಫೋನು. "ಬಸ್ ಸ್ಟ್ಯಾಂಡಿನ್ಯಾಗ ಗಾಡಿ ನಿಂದರಿಸಿದ್ವಿ, ಚಾದಂಗಡಿ ಫಾರೂಕ ಹೇಳಿದ್ನರಿ. ಸಾವಿನ ಮನಿಗೆ ಇಂಥಾ ಕೆಲಸಕ್ಕ ಬರಬಾರದು. ಹೊಳ್ಳಿ ಹೊಂಟೇವಿ."

"ಒಂದೀಟು ತಡೀರಿ! ಸುದೀಪಾ, ಲಗೂನ ಬಾ! ಇಂವನ್ನ ಇಂಗ್ಲೀಷಿನ್ಯಾಗ ಕೇಳು!"

ಸುದೀಪ ಕೇಳಿದ. ಹ್ಯೂಗೋ ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕ. ತಂದೆ ಗಟ್ಟಿಯಾಗಿದ್ದ. ಸುದೀಪ ಗಾಡಿ ಹತ್ತಿ ಹೋಗಿ ಬೀಗರಾಗಬೇಕಾದವರನ್ನು ಕಾಡಿ ಬೇಡಿ ಕರೆತಂದ. ಅವರು ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತರು. ಓಣಿಯವರೂ ನಂಬಲಿಲ್ಲ. "ದುಃಖಕ್ಕ ತಲಿ ಕೆಟ್ಟೈತಿ, ಅದಕ್ಕ ನಗಾಕತ್ತಾನ" ಎಂದಳು ಹೊನ್ನವ್ವ.

"ಹಚ್ಚೋ ಫೋನು! ಮಾರಿ ಕಾಣೂ ಹಂಗ ಹಚ್ಚು!" ಎಂದು ಪರಮೇಶಪ್ಪ ಕೂಗಿದ.

ಫೋನಿನಲ್ಲಿ ಮೊಣಕಾಲುದ್ದ ಬೂಟು ಹಾಕಿದ ಕೆಂಪು ಮುಖದ ಮುದುಕನೊಬ್ಬ ಮೂಡಿದ. ಹಿಂದೆ ಕಣ್ಣು ಹೋದಷ್ಟು ದೂರ ಆಕಳ ಸಾಲು. ಕೈಯಲ್ಲಿ ಚೊಂಬಿನಂಥ ಕಪ್ಪು, ಅದರ ತುಂಬ ಕರಿ ಕಾಫಿ.

ಹೊನ್ನವ್ವ ಫೋನಿಗೆ ಮೂಗು ತಾಗಿಸಿ ನೋಡಿದಳು. "ನೋಡ್ರೆವಾ! ಇಷ್ಟ್ ಆಕಳ ಕಟ್ಟಿಕೊಂಡೂ ಹಾಲ ಹಾಕ್ಕೊಂಡಿಲ್ಲ!"

ಎಲ್ಲರೂ ನಕ್ಕರು. ಬಂದವರೂ ನಗುತ್ತ ಒಳಗೆ ಬಂದರು. ಚಹಾದ ಮಾತು ಬಂದಾಗ ಕನ್ಯೆಯ ತಂದೆ, "ನನಗ ಸಕ್ಕರಿ ಕಾಯಿಲೆ ಐತ್ರಿ. ಆ ಹುಡುಗ ಕುಡೀತಾನಲ್ಲ, ಅಂಥಾದ್ದ ಕೊಡ್ರಿ" ಎಂದ. ವೀರವ್ವ ಗಂಡನ ಮುಖ ನೋಡಿದಳು. ಪರಮೇಶಪ್ಪ ಕಣ್ಣಲ್ಲೇ ಹೂಂ ಎಂದ.

ಕನ್ಯೆಯ ತಂದೆ ಹ್ಯೂಗೋನ ಪಕ್ಕದಲ್ಲಿ ಕುಳಿತು ಗುಟುಕರಿಸುತ್ತ ಕೇಳಿದ್ದೇ ಕೇಳಿದ್ದು. ಎಷ್ಟು ಆಕಳು? ಹೊಲ ಎಷ್ಟು? ಅಣ್ಣತಮ್ಮಂದಿರು ಇದ್ದಾರೆಯೇ? ಸುದೀಪ ನಡುವೆ ಕುಳಿತು ಎಲ್ಲವನ್ನೂ ಇಂಗ್ಲೀಷಿಗೆ ತಿರುಗಿಸಿ ಹೇಳಿದ. ಮಗನ ಇಂಗ್ಲೀಷು ಇಂಥ ಹೊತ್ತಿಗೆ ಒದಗಿತೆಂದು ಪರಮೇಶಪ್ಪ ಒಳಗೊಳಗೇ ಶಿವನಿಗೆ ಕೈಮುಗಿದ.

ಹೊರಡುವಾಗ ಕನ್ಯೆಯ ತಂದೆ ಪರಮೇಶಪ್ಪನನ್ನು ಪಕ್ಕಕ್ಕೆ ಕರೆದ.

"ಮನಸಿಗೆ ಬಂತ್ರಿ. ಹುಡುಗ ಭಾಳ ಸಾದಾ ಅದಾನ."

ಪರಮೇಶಪ್ಪನ ಕಣ್ಣು ತುಂಬಿತು. "ನಿಮ್ಮ ಆಶೀರ್ವಾದ್ರಿ. ಮಗಾ ಅಂತ ಹೇಳಬಾರದು, ಸುದೀಪ—"

"ಸುದೀಪ ಅಲ್ರಿ. ಮ್ಯಾಲಿನ ಹುಡುಗ."

ಪರಮೇಶಪ್ಪ ಹ್ಯೂಗೋನತ್ತ ಕೈಮಾಡಿದ. "ಅವರಪ್ಪನೂ ಒಕ್ಕಲುತನ ಮಾಡಾವರ ಅಲ್ಲೇನ್ರಿ!"

"ಆ ದೇಶದ ಒಕ್ಕಲುತನ ಬ್ಯಾರೆ ಬಿಡ್ರಿ. ನೀವು ಮನಿ ಮಾಲಕರು, ಹಿರ್ಯಾರು. ಹುಡುಗನ ಕಡಿಂದ ನೀವ ಕುಂತು ಮಾತು ಮುಗಿಸಿಕೊಡ್ರಿ." ಗಾಡಿ ಹತ್ತಿದವನು ಮತ್ತೆ ತಲೆ ಹೊರಗೆ ಹಾಕಿದ. "ಬರೂಮುಂದ ನಿಮ್ಮ ಸುದೀಪನ್ನೂ ಕರಕೊಂಡು ಬರ್ರಿ. ಇಂಗ್ಲೀಷ್ ಹೇಳಾಕ ಯಾರರ ಬೇಕಲ್ಲ."