ಯಳಂದೂರಿನಿಂದ ಹೂಗ್ಯಂಗೆ ಸೊನ್ನೆ ನಿಮಿಷ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಪ್ರಯಾಣದ ಸಮಯವನ್ನೂ ಲೆಕ್ಕ ಹಾಕಿಕೊಡುವ ಜಾಲತಾಣದ ಮಾನ್ಯರೇ,

ಯಳಂದೂರಿನ ಗುರುಬಸಮ್ಮ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ; ನಮ್ಮ ಕಡೆಯ ಬಸ್ಸು ಹತ್ತದವರಿಗೆ ಮೈಕೈ ನೋವಾದರೂ ಎಲ್ಲಿಂದ ಬರಬೇಕು?

ನನ್ನ ಮಗಳು ಭವ್ಯಳಿಗೆ ಗಂಡು ನೋಡುವಾಗ ನಾನು ಇಟ್ಟದ್ದು ಒಂದೇ ಷರತ್ತು: ನನ್ನ ಒಲೆಯಿಂದ ಇಳಿದ ರಾಗಿ ಮುದ್ದೆ ಅವಳ ತಟ್ಟೆ ಸೇರುವ ತನಕ ಬಿಸಿ ಆರಬಾರದು, ಅಷ್ಟು ಹತ್ತಿರದ ಊರಾಗಬೇಕು. ಹನೂರು ತಾಲ್ಲೂಕಿನ ಕಾಡಂಚಿನ ಹೂಗ್ಯಂನಿಂದ ಸಂಬಂಧ ತಂದಿದ್ದ ಪುಟ್ಟಸಿದ್ದಯ್ಯನವರು, ನಾನು ಮುಖ ಸಿಂಡರಿಸುವಷ್ಟರಲ್ಲಿ ಮೊಬೈಲಿನಲ್ಲಿ ತಮ್ಮ ಪುಟ ತೆರೆದು ಎರಡೂ ಊರಿನ ಹೆಸರು ಹಾಕಿದರು. ತಾವು ಎರಡಕ್ಕೂ ನಮ್ಮ ರಾಜ್ಯದೊಳಗೆ ಹತ್ತಿರದ ವಿಮಾನ ನಿಲ್ದಾಣ ಮೈಸೂರಿನದೇ ಎಂದು ಗೊತ್ತುಮಾಡಿಕೊಂಡು, ಮೈಸೂರಿನಿಂದ ಮೈಸೂರಿಗೇ ಅಳೆದು, ದೂರ ಸೊನ್ನೆ, ಸಮಯ ಸೊನ್ನೆ ಎಂದು ದಪ್ಪಕ್ಷರದಲ್ಲಿ ತೀರ್ಪು ಕೊಟ್ಟಿರಿ.

“ನೋಡವ್ವ, ಸೊನ್ನೆ! ನೀ ಇಲ್ಲಿ ಮುದ್ದೆ ತಿರುವ್ತಾ ಇದ್ದಂಗೇ ಅವ್ಳು ಅಲ್ಲಿ ಉಣ್ತಾ ಇರ್ತಾಳೆ” ಎಂದರು ಪುಟ್ಟಸಿದ್ದಯ್ಯ. ನಮ್ಮ ಯಜಮಾನರು ಮಲ್ಲಿಕಾರ್ಜುನಸ್ವಾಮಿಯವರು ಕನ್ನಡಕ ಏರಿಸಿ ಓದಿ, ಕಂಪ್ಯೂಟರೇ ಹೇಳಿದ ಮೇಲೆ ನಿನ್ನದೇನು ಎಂದುಬಿಟ್ಟರು. ಅಳಿಯ ಬಸವೇಶ ಒಳ್ಳೆಯವನೇ. ಅದರಲ್ಲಿ ತಮ್ಮ ಕೈವಾಡವಿಲ್ಲ ಬಿಡಿ.

ಈಗ ಭವ್ಯ ತುಂಬು ಬಸುರಿ. ಬಯಕೆ ಏನೇ ಎಂದರೆ, ಅವ್ವ ಮಾಡಿದ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಎಂದಳು. ಸೋಮವಾರ ಮುದ್ದೆ ಕಟ್ಟಿ, ಕ್ಯಾರಿಯರಿಗೆ ಹಳೆಯ ಸೀರೆ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಹೊರಟೆ. ಕೊಳ್ಳೇಗಾಲದಲ್ಲಿ ಇಳಿದು ಕಾದೆ, ಹನೂರಿನಲ್ಲಿ ಇಳಿದು ಇನ್ನೂ ಹೆಚ್ಚು ಕಾದೆ, ಮುಂದೆ ದಾರಿಯಲ್ಲಿ ಕಂಡಕ್ಟರ್ “ಎಲ್ಲಾ ಇಳ್ಕಳಿ, ಟೈರ್ ಓಯ್ತು” ಎಂದಾಗ ಇಳಿದು ಹುಣಸೆ ಮರದ ಕೆಳಗೂ ಕಾದೆ. ತಮ್ಮ ಸೊನ್ನೆ ನಿಮಿಷದಲ್ಲಿ ಇದೆಲ್ಲ ಸೇರಿದೆಯೇ, ಅಥವಾ ಬೇರೆಯೇ ಎಂದು ದಯವಿಟ್ಟು ತಿಳಿಸಬೇಕು.

ತಮ್ಮಂಥ ಸಮರ್ಥರಲ್ಲಿ ನನ್ನ ಕೋರಿಕೆ ಸಣ್ಣದು. ವಿಮಾನವನ್ನು ನಮ್ಮ ಹಿತ್ತಲಿಗೇ ತಂದು ನಿಲ್ಲಿಸಿ, ಒಳಗೊಂದು ಒಲೆ ಹೂಡಿಸಿಕೊಡಿ. ಅದು ಕಷ್ಟವಾದರೆ ಹೂಗ್ಯಂ ಅನ್ನೇ ಎತ್ತಿ ಯಳಂದೂರಿನ ಪಕ್ಕ ಇಟ್ಟುಬಿಡಿ. ಲೆಕ್ಕದಲ್ಲಿ ಆಗಲೇ ಇಟ್ಟಿದ್ದೀರಿ, ನೆಲದ ಮೇಲೆ ಇಡುವುದೊಂದೇ ಬಾಕಿ.

ನಾನು ತಲುಪುವಷ್ಟರಲ್ಲಿ ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ಭವ್ಯ ಅದನ್ನು ಕಷ್ಟಪಟ್ಟು ಮುರಿದು, ಸಾರಿಗೆ ಅದ್ದಿ ನುಂಗಿ, ನನ್ನ ಮುಖ ನೋಡಿ “ಇನ್ನೂ ಬಿಸಿ ಅದ ಕಣವ್ವ” ಎಂದಳು. ನನ್ನ ಮಗಳು ಅಲ್ಲಿಯವರೆಗೆ ನನಗೆ ಸುಳ್ಳು ಹೇಳಿದವಳಲ್ಲ. ಸುಳ್ಳು ಹೇಳಲೇಬೇಕಾದರೆ ಹೇಗೆ ಹೇಳಬೇಕೆಂದು ತಾವು ಅವಳನ್ನು ನೋಡಿ ಕಲಿಯಬೇಕು.

ಒಮ್ಮೆ ನಂಬಿ ಕೆಟ್ಟ ತಪ್ಪಿಗೆ ಇಂದಿಗೂ ತಮ್ಮ ವಿಶ್ವಾಸಿ,
ಗುರುಬಸಮ್ಮ

ತಾ.ಕ.: ಮುಂದಿನ ವಾರ ಭವ್ಯಳನ್ನು ಬಾಣಂತನಕ್ಕೆ ಕರೆತರಬೇಕು. ತಮ್ಮ ಲೆಕ್ಕದ ಪ್ರಕಾರ ಅವಳು ಈಗಾಗಲೇ ನನ್ನ ಅಡುಗೆಮನೆಯಲ್ಲಿರಬೇಕು. ಎದ್ದುಹೋಗಿ ನೋಡಿ ಬಂದೆ, ಇಲ್ಲ. ತಾವೂ ಒಮ್ಮೆ ನೋಡಿ ತಿಳಿಸಿ.