ಬಾಲದ ಅಕ್ಷರಗಳಿಗೆ ಜಾಗ ಹುಡುಕಿದ್ದು

ಗೊತ್ತಿರುವ ಕೆಲಸಕ್ಕಿಂತ ಗೊತ್ತಿಲ್ಲದ ಕೆಲಸದಲ್ಲೇ ನನಗೆ ಉತ್ಸಾಹ ಹೆಚ್ಚು. ಮನೆಯ ನಲ್ಲಿ ಸೋರಿದರೆ ಕೆಳಗೊಂದು ಬಕೆಟ್ ಇಟ್ಟು ಆರು ತಿಂಗಳು ಸುಮ್ಮನಿರುವ ನಾನು, ಎಂದೂ ಕಾಣದ ಪೋಲೆಂಡಿನ ಜನ ಮೊಬೈಲಿನಲ್ಲಿ ತಮ್ಮ ಅಕ್ಷರಗಳನ್ನು ಹೇಗೆ ಒತ್ತುತ್ತಾರೋ ಎಂಬ ಚಿಂತೆಯಲ್ಲಿ ಎರಡು ತಿಂಗಳು ನೆಟ್ಟಗೆ ಊಟ ಮಾಡಲಿಲ್ಲ. ಫೋನುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು; ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಅದರಲ್ಲಿದ್ದ ಮೂರ್ನಾಲ್ಕು ಅಕ್ಷರ, ಕೊನೆಗೆ ಅಂಕಿ, ಒಂದೊಂದಾಗಿ ಬರುತ್ತಿದ್ದವು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾಲ್ಕು ಕುರ್ಚಿ, ಮೂರು ಕಂಪ್ಯೂಟರ್ ಇದ್ದ ನಮ್ಮ ಆಫೀಸಿಗೆ ಎಲ್ಲಿಂದಲೋ ಈ ಕೆಲಸ ಬಂದಿತ್ತು. ಪೋಲಿಷ್ ಭಾಷೆಗೆ ಇಂಗ್ಲಿಷಿನಲ್ಲಿಲ್ಲದ ಒಂಬತ್ತು ಅಕ್ಷರಗಳಿವೆ. ಎ ಮತ್ತು ಇ ಗೆ ಕೆಳಗೊಂದು ಬಾಲ, ಎಲ್ ನ ಹೊಟ್ಟೆಯ ಮೇಲೊಂದು ಅಡ್ಡಗೀಟು, ಝಡ್ ಗಂತೂ ಒಮ್ಮೆ ಚುಕ್ಕಿ, ಇನ್ನೊಮ್ಮೆ ಗೀಟು. ಇವಕ್ಕೆಲ್ಲ ಗುಂಡಿಗಳಲ್ಲಿ ಜಾಗ ಹುಡುಕಬೇಕು. ನಮ್ಮ ಸಾಹೇಬರು ಒಂದೇ ಷರತ್ತು ಹಾಕಿದ್ದರು. "ಆ ದೇಶದವರು ಒಬ್ಬರರ ಒತ್ತಿ ನೋಡಿ ಛಲೋ ಐತಿ ಅನ್ನಬೇಕ್ರಿ. ಇಲ್ಲಾಂದ್ರ ಈ ಕೆಲಸಾನೂ ಹೋಗ್ತೈತಿ, ಮುಂದಿಂದೂ ಬರಂಗಿಲ್ಲ." ಬಾಗಲಕೋಟೆಯಲ್ಲಿ ಪೋಲೆಂಡಿನವರನ್ನು ಎಲ್ಲಿಂದ ತರುವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮವ್ವ ಇಳಕಲ್ಲಿನಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕೂತವಳು. ಆಗ ನಮ್ಮ ಮನೆಯಲ್ಲೇ ಇದ್ದಳು. ದಿನಾ ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ, "ಇವತ್ತ ಎಷ್ಟ ನೇದ್ಯೋ ತಮ್ಮಾ?" ಎಂದು ಕೇಳುವಳು. ಅವಳ ಪ್ರಕಾರ ಸಂಜೆಗೆ ಬಿಚ್ಚಿ ತೋರಿಸಲು ಏನೂ ಇಲ್ಲದ್ದು ಕೆಲಸವೇ ಅಲ್ಲ. ಒಂದು ದಿನ ತಾಳಲಾರದೆ ಈ ಅಕ್ಷರಗಳನ್ನು ಹಾಕಿ ನೋಡಲು ಕೊಟ್ಟಿದ್ದ ಆಫೀಸಿನ ಫೋನನ್ನು ಅವಳ ಮುಂದೆ ಹಿಡಿದು ಗೀಟಿನ ಎಲ್ ಒತ್ತಿ ತೋರಿಸಿದೆ. ಅವ್ವ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಒಂದ ಎಳಿಗೆ ಐದ ಸಲ ಒತ್ತೂದೇನೋ? ಹಿಂಗ ನೇದಿದ್ರ ಸೀರಿ ಮುಗಿಯೂದರಾಗ ಮದಲಗಿತ್ತಿ ಮುದುಕಿ ಆಗ್ತಾಳ. ಭಾಳ ಬೇಕಾಗೂ ಬಣ್ಣದ ಕಂಡಕಿ ಕೈ ಹತ್ರ ಇಟ್ಕೋಬೇಕು. ಎಂದರ ಒಮ್ಮೆ ಬೇಕಾಗೂದನ್ನ ಮೂಲ್ಯಾಗ ಇಡು."

ಕಂಡಕಿ ಎಂದರೆ ನೂಲು ಸುತ್ತಿದ ಪುಟ್ಟ ಕೊಳವೆ. ನಾನು ಅಕ್ಷರಗಳನ್ನು ಶಾಲೆಯ ಹಾಜರಿಪಟ್ಟಿಯಂತೆ ಅನುಕ್ರಮವಾಗಿ ಕೂರಿಸಿ, ಅಂಕಿಗಳ ಹಿಂದೆ ತಳ್ಳಿದ್ದೆ. ಮರುದಿನವೇ ಯಾವುದೋ ಪೋಲಿಷ್ ಕೈಪಿಡಿ ತೆಗೆದುಕೊಂಡು, ಒಂದಕ್ಷರವೂ ಅರ್ಥವಾಗದೆ, ಪೆನ್ಸಿಲ್ ಹಿಡಿದು ಬಾಲ, ಚುಕ್ಕಿ, ಗೀಟುಗಳನ್ನು ಲೆಕ್ಕ ಹಾಕುತ್ತ ಕೂತೆ. ಗೀಟಿನ ಎಲ್ ಪುಟಕ್ಕೆ ಹತ್ತಾರು ಸಲ ಬಂತು; ಅದನ್ನು ಎಲ್ ಮಗ್ಗುಲಿಗೇ ಕೂರಿಸಿದೆ. ಗೀಟಿನ ಝಡ್ ಮಾತ್ರ ನಾಲ್ಕು ಪುಟ ಹುಡುಕಿದರೂ ಒಂದೋ ಎರಡೋ. ಅದನ್ನು ಮೂಲೆಗೆ ಹಾಕುವಾಗ ನಿಜಕ್ಕೂ ಪಾಪ ಅನ್ನಿಸಿತು. ಇಷ್ಟಕ್ಕೂ ತನ್ನ ಅಕ್ಷರವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಅಂಗಡಿಯವನ ಜೊತೆ ಜಗಳವಾಡಿ ಕನ್ನಡ ಅಕ್ಷರವಿರುವ ಫೋನನ್ನೇ ಕೊಂಡವನು ನಾನು.

ಕೆಲಸ ಒಪ್ಪಿಸುವ ಹಿಂದಿನ ಭಾನುವಾರ ಅವ್ವನನ್ನು ಬನಶಂಕರಿ ಗುಡಿಗೆ ಕರೆದುಕೊಂಡು ಹೋದೆ. ಬರುವಾಗ ಬಾದಾಮಿಯಲ್ಲಿ ಚಹಾ ಕುಡಿಯುತ್ತಿದ್ದರೆ ಪಕ್ಕದ ಬೆಂಚಿನಲ್ಲಿ ಹಗ್ಗದ ಸುರುಳಿ ಇಟ್ಟುಕೊಂಡ ಒಬ್ಬ ಬಿಳಿಯ ಹುಡುಗಿ ಕೂತಿದ್ದಳು. ಅಲ್ಲಿನ ಬಂಡೆ ಹತ್ತಲು ಹೊರದೇಶದವರು ಬರುವುದು ಹೊಸದೇನಲ್ಲ. ಆದರೂ ಯಾವ ದೇಶ ಎಂದು ಕೇಳಿದೆ. ಪೋಲೆಂಡ್ ಎಂದಳು. ಚಹಾ ಅಲ್ಲೇ ಬಿಟ್ಟು ಅವಳ ಬೆಂಚಿಗೆ ಸರಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ಆಫೀಸಿನ ಫೋನ್ ಕೊಟ್ಟು, ನಿಮ್ಮ ತಾಯಿಗೊಂದು ಸಂದೇಶ ಕಳಿಸಿ ನೋಡಿ ಎಂದೆ. ಅವಳ ಫೋನಿನ ಬ್ಯಾಟರಿ ಸತ್ತಿತ್ತಂತೆ, ಖುಷಿಯಿಂದ ಇಸಿದುಕೊಂಡಳು. ಹೆಬ್ಬೆರಳು ಸರಸರ ಓಡಿತು. ನಾನು ಇಣುಕಿದೆ. ಇಡೀ ಸಂದೇಶದಲ್ಲಿ ಒಂದು ಬಾಲವಿಲ್ಲ, ಒಂದು ಗೀಟಿಲ್ಲ.

ಯಾಕೆಂದು ಕೇಳಿದರೆ ನಕ್ಕಳು. ಆ ಅಕ್ಷರ ಹಾಕಿದರೆ ಸಂದೇಶದಲ್ಲಿ ಜಾಗ ಅರ್ಧಕ್ಕಿಂತ ಕಡಿಮೆಯಾಗಿ ಒಂದರ ಬದಲು ಎರಡು ಸಂದೇಶದ ದುಡ್ಡು ಹೋಗುತ್ತದೆ, ಅದಕ್ಕೇ ತಮ್ಮಲ್ಲಿ ಎಲ್ಲರೂ ಬಿಟ್ಟೇ ಬರೆಯುತ್ತಾರೆ, ಅಮ್ಮನಿಗೆ ಅರ್ಥವಾಗುತ್ತದೆ ಎಂದಳು. ನನ್ನ ಮುಖ ನೋಡಿ ಕನಿಕರವಾಯಿತೇನೋ, ಒಂಬತ್ತನ್ನೂ ಒಂದೊಂದಾಗಿ ಒತ್ತಿದಳು. ಗೀಟಿನ ಝಡ್ ಅನ್ನೂ ಬಿಡಲಿಲ್ಲ. ಬಹಳ ಸುಲಭವಾಗಿದೆ ಎಂದು ಅವ್ವನಿಗೂ ಹೆಬ್ಬೆರಳೆತ್ತಿ ತೋರಿಸಿದಳು. ಸಾಹೇಬರಿಗೆ ಹೇಳಲು ನನಗೆ ಅಷ್ಟು ಸಾಕಿತ್ತು, ಮುಂದಿನ ಕೆಲಸವೂ ಬಂತು. ಆದರೆ ಅವತ್ತು ಬಾಗಲಕೋಟೆಗೆ ಮರಳುವ ಬಸ್ಸಿನಲ್ಲಿ, ಏನೋ ಆಗಿದೆ ಎಂದು ಅವ್ವ ನನ್ನ ಮುಖ ನೋಡಿಯೇ ಹಿಡಿದಳು.

"ಛಲೋ ಐತಿ ಅಂದ್ಲಲ್ಲ, ಮತ್ತ ಮಾರಿ ಯಾಕ ಸಣ್ಣ ಮಾಡೀದಿ?"

ನಡೆದದ್ದನ್ನು ಹೇಳಿದೆ. ಅವ್ವ, "ಚಂದ ಐತಿ ಅಂತ ಸೀರಿ ಮುಟ್ಟಿ ನೋಡಿ, ಉಡಲಾರದ ಮಡಚಿ ಇಟ್ಟಂಗಾತು," ಎಂದಳು. ಎದೆಗೆ ನಾಟಿತು. ಆ ನೋವಿನಲ್ಲೇ ಕಟಗೇರಿ ದಾಟುವವರೆಗೂ ಅವಳಿಗೊಂದು ಭಾಷಣ ಮಾಡಿದೆ. ಯಾವ ಜನ ಇವರು, ಹೆತ್ತ ತಾಯಿಗೆ ಬರೆಯುವಾಗಲೂ ತಮ್ಮ ಅಕ್ಷರ ತಮಗೆ ಭಾರವೇ, ಎಂದೆಲ್ಲ. ಅವ್ವ ಹೂಂಗುಟ್ಟಿದಳು. ಅಷ್ಟರಲ್ಲಿ ಹಸಿವಾಗಿ, ಮನೆಯಾಕೆಗೆ ರೊಟ್ಟಿ ಮಾಡಿಡಲು ಹೇಳೋಣವೆಂದು ನನ್ನ ಫೋನು ತೆಗೆದು ಸರಸರ ಒತ್ತತೊಡಗಿದೆ. ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಕನ್ನಡವನ್ನಾದರೆ ಅವಳು ಚೆನ್ನಾಗಿಯೇ ಓದುತ್ತಾಳೆ.

"ಇದೂ ಅಕೀ ಭಾಷಾನ ಏನೋ?"

ಪರದೆಯ ಮೇಲೆ, ಬಸ್ ಸಿಕ್ಕೈತಿ, ರೊಟ್ಟಿ ಮಾಡಿಡು ಎಂಬ ಸಂದೇಶ ಪೂರ್ತಿ ಇಂಗ್ಲಿಷ್ ಅಕ್ಷರಗಳಲ್ಲಿತ್ತು.

"ಅಲ್ಲವ್ವ," ಎಂದೆ, ಪಕ್ಕದ ಸೀಟಿನವರಿಗೆ ಕೇಳದಂತೆ. "ನಮ್ದ."