ಕಿಂಡಿ ಭದ್ರತೆಗೆ ಮೀಸೆ

ಗಾಜಿನ ಕಾರ್ಖಾನೆಯ ನೌಕರರ ಮೀಸೆಗಳು ಸಂಸ್ಥೆಯ ಸ್ವತ್ತೆಂದು ಆಡಳಿತ ವಿಭಾಗವು ಸುತ್ತೋಲೆ ಹೊರಡಿಸಿದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ.

ಇದಕ್ಕೆ ಮೂಲ ಗಾಜು ಪರೀಕ್ಷಕಿಯ ಅರ್ಜಿ. ಕುಲುಮೆಯ ಕಿಂಡಿಗೆ ಹಾಕಿದ ಗಾಜು ವರ್ಷಕ್ಕೆರಡು ಸಲ ಸಿಡಿಯುತ್ತಿತ್ತು. ಅದಕ್ಕೆ ಮುಖವೊಡ್ಡಿ ನಿಲ್ಲುವವನು ಅವಳ ಒಡಹುಟ್ಟಿದ ತಮ್ಮ. ಕೂದಲಿಗಿಂತ ತೆಳ್ಳಗಿನ 'ಮೀಸೆ ಹರಳು' ಬೆರೆಸಿದರೆ ಗಾಜಿನಲ್ಲಿ ಬಿರುಕು ಹಬ್ಬುವುದಿಲ್ಲವೆಂದು ಅವಳು ನಾಲ್ಕು ಪುಟ ಬರೆದಿದ್ದಳು. ಆದರೆ ನಮೂನೆಯಲ್ಲಿ 'ವಿಷಯ' ಮೂರು ಪದ ಮೀರುವಂತಿರಲಿಲ್ಲ. ಗುಮಾಸ್ತರು "ಕಿಂಡಿ ಭದ್ರತೆಗೆ ಮೀಸೆ" ಎಂದು ತುಂಬಿ, ಹರಳನ್ನು ಕೈಬಿಟ್ಟರು. ವಿಷಯದ ಕೆಳಗಿರುವುದನ್ನು ಓದುವ ಪದ್ಧತಿ ಇರಲಿಲ್ಲ.

"ಸಾರ್, ಮೀಸೆ ಅಂದ್ರೆ ಮೀಸೆ ಅಲ್ಲ, ಅದು ಹರಳು," ಎಂದಳು ಅಧೀಕ್ಷಕರಿಗೆ.

"ನೋಡಮ್ಮಾ, ಮಂಜೂರಾಗಿರೋದು ಮೀಸೆ. ಮಂಜೂರಾಗಿದ್ದನ್ನ ಬೆಳೆಸ್ದೇ ಇದ್ರೆ ಆಕ್ಷೇಪಣೆ ಬರುತ್ತೆ."

ಕುಲುಮೆಯವರೆಲ್ಲ ಮೀಸೆ ಬಿಟ್ಟರು. ಅಳತೆಗೆ ಉಪಸಮಿತಿಯಾಯಿತು. ಮೀಸೆಯೇ ಚಿಗುರದ ಒಬ್ಬರನ್ನು ನಿಷ್ಪಕ್ಷಪಾತಿಗಳೆಂದು ಅಧ್ಯಕ್ಷರನ್ನಾಗಿ ಮಾಡಿದರು. ತಮ್ಮನ ಬೆಳೆ ಎಲ್ಲರಿಗಿಂತ ಹುಲುಸಾಗಿತ್ತು.

ಒಂಬತ್ತನೆಯ ವಾರ ಕಿಂಡಿ ಸಿಡಿಯಿತು. ಚೂರೊಂದು ತಮ್ಮನ ಮೇಲ್ದುಟಿ ಸೀಳಿತು. ಅಕ್ಕ ಅವನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದಳು. ಕಾರ್ಖಾನೆಯ ವೈದ್ಯರು ಸೂಜಿ ಹಿಡಿದು ನಿಂತರು.

"ಬೋಳಿಸದೆ ಹೊಲಿಯೋಕಾಗಲ್ಲ. ಸಂಸ್ಥೆ ಸ್ವತ್ತು ನೋಡಿ, ಅನುಮತಿ ತನ್ನಿ."

ಅವಳು ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿದಳು. ಉಪಸಮಿತಿ ತುರ್ತಾಗಿ ಸೇರಿ, ರಕ್ತ ಒರೆಸಿ, ಅಳತೆಪಟ್ಟಿ ಹಿಡಿದು, "ಗಾಜು ಒಡೆದರೂ ಮೀಸೆಗೆ ಧಕ್ಕೆಯಾಗಿಲ್ಲ. ಯೋಜನೆ ಸಫಲ" ಎಂದು ವರದಿ ಬರೆಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕಡತದಲ್ಲಿ ಸಾಬೀತುಪಡಿಸಿದ್ದು ಇದೇ ಮೊದಲು. ಬೋಳಿಸುವ ಅನುಮತಿ ಇಪ್ಪತ್ತನೆಯ ದಿನ ಬಂತು. ಅಷ್ಟರಲ್ಲಿ ತುಟಿ ತನಗೆ ತೋಚಿದಂತೆ ಸೊಟ್ಟಗೆ ಕೂಡಿಕೊಂಡಿತ್ತು.

"ಬಾರೋ, ಈಗಲಾದ್ರೂ ಸರಿಯಾಗಿ ಹೊಲಿಸೋಣ," ಎಂದಳು ಅಕ್ಕ.

"ಬೇಡ ಬಿಡಕ್ಕಾ. ಮೀಸೆ ಮುಚ್ಕೊಳ್ಳುತ್ತೆ. ಬೋಳಿಸಿದ್ರೆ ಮೀಸೆಗೆ ಅಂತ ಸಿಕ್ಕ ಬಡ್ತಿ ಹೋಗುತ್ತೆ. ನೀನೂ ಹೊಂದ್ಕೊಂಡು ಹೋಗು."

ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು. ಅವೆರಡಕ್ಕೂ ನಮೂನೆ ಇರಲಿಲ್ಲ. ಅಂದೇ ಉಗ್ರಾಣಕ್ಕೆ ಮಹಿಳಾ ಸಿಬ್ಬಂದಿಗೆಂದು ದಾರ ಕಟ್ಟಿದ ಕೃತಕ ಮೀಸೆಗಳು ಬಂದಿದ್ದವು. ಎರಡು ಅಳತೆ.

"ಯಾವ್ದು ಕೊಡ್ಲಿ ಮೇಡಂ?" ಎಂದು ಉಗ್ರಾಣದವರು ಕೇಳಿದರು.

ಅವಳು ಮೂಗೊರೆಸಿಕೊಂಡಳು.

"ಚಿಕ್ಕದು ಕೊಡಿ," ಎಂದಳು. "ಕುಲುಮೆ ಹತ್ರ ದೊಡ್ಡದು ಸೆಕೆ."